ಗುಂಡಿ ಹತ್ತಿರ, ಆಸ್ಪತ್ರೆ ದೂರ

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ ಹಿಡಿದ ಹೊತ್ತಿನಲ್ಲಿ ಕಲಬುರಗಿ ನಗರದ ಅಂಚಿನ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣ ಬಿಡುವತನಕ ಹೀಗೆ ಇಟ್ಟರೆ ಕೈಕಾಲಿಗೆ ಬಲ ಬರುತ್ತದೆ ಎಂಬುದು ಹೆತ್ತವರ ನಂಬಿಕೆ. ಮಣ್ಣಿನಿಂದ ತಲೆಯಷ್ಟೇ ಹೊರಗೆ ಕಾಣುತ್ತಿದ್ದ ಆ ಮಕ್ಕಳ ಚಿತ್ರವನ್ನು ದೇಶವೆಲ್ಲ ನೋಡಿತು. ಇದೇ ಭಾಗದಿಂದ 2009ರ ಜುಲೈ ಗ್ರಹಣದಲ್ಲೂ ಇಂಥದೇ ಸುದ್ದಿ ಬಂದಿತ್ತು. ಎರಡು ಸಲವೂ ಕೇಳಿಬಂದ ಮಾತು ಒಂದೇ: ಹಿಂದುಳಿದ ಜಿಲ್ಲೆ, ಓದಿಲ್ಲದ ಜನ, ಮೂಢನಂಬಿಕೆ. ವಿಧಾನಮಂಡಲ 2017ರಲ್ಲಿ ಒಪ್ಪಿದ್ದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ ಆ ಗ್ರಹಣದ ಬೆನ್ನಿಗೇ, 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೌಢ್ಯ ಎಂದು ಹೆಸರಿಟ್ಟ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಮಗುವನ್ನು ಕೈಬಿಟ್ಟ ಹೆತ್ತವರು ಗ್ರಹಣ ಯಾವತ್ತು ಎಂದು ಪಂಚಾಂಗ ನೋಡುವುದಿಲ್ಲ. ಈ ಹೆತ್ತವರು ಚಿಕಿತ್ಸೆ ಹುಡುಕುತ್ತಿದ್ದವರು. ಆ ಹುಡುಕಾಟ ಆಸ್ಪತ್ರೆಯ ಕೋಣೆಗೆ ಮುಟ್ಟದೆ ಗುಂಡಿಗೆ ಏಕೆ ಮುಟ್ಟಿತು ಎಂಬುದನ್ನು ಕೇಳಬೇಕು. ಒಂದು ಊರು ತನ್ನ ಅಂಗವಿಕಲರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಊರವರ ಮನಸ್ಸಿನ ಒಳ್ಳೆಯತನ ಕೆಟ್ಟತನಗಳಿಗಿಂತ ಹೆಚ್ಚಾಗಿ ಆ ಊರಲ್ಲಿ ಏನಿದೆ, ಏನಿಲ್ಲ, ಇರುವುದು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ನಿಂತಿದೆ ಎಂಬುದು ನನ್ನ ವಾದ.

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಹಳ್ಳಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಾಯಿಯ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಯೋಚಿಸಿ ನೋಡಿ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವ ಹಳ್ಳಿಯನ್ನು ತೆಗೆದುಕೊಂಡರೂ ದಾರಿ ಇಷ್ಟೇ. ಮೊದಲು ಆಳಂದಕ್ಕೆ ಬಸ್ಸು. ಅಲ್ಲಿಂದ ಕಲಬುರಗಿಗೆ ಮತ್ತೆ ನಲವತ್ತು ಕಿಲೋಮೀಟರಿನ ಮೇಲೆ. ಜಿಲ್ಲಾ ಆಸ್ಪತ್ರೆಯ ವೈದ್ಯರು ನೋಡಿ, ಅಂಗವೈಕಲ್ಯದ ಪ್ರಮಾಣ ನಿಗದಿಯಾಗಿ, ಯುಡಿಐಡಿ ಎಂಬ ಗುರುತಿನ ಕಾರ್ಡ್ ಬರಬೇಕು. ಅದು ಕಾಗದದ ಕೆಲಸ, ಒಂದೆರಡು ಸಲ ಓಡಾಡಿದರೆ ಆದೀತು. ಆದರೆ ಆ ಮಗುವಿಗೆ ಬೇಕಾದದ್ದು ಸ್ನಾಯು ಸೆಟೆದು ಗಂಟು ಕಟ್ಟದಂತೆ ವಾರಕ್ಕೆ ಹಲವು ಸಲ, ವರ್ಷಗಟ್ಟಲೆ ಮಾಡಿಸಬೇಕಾದ ವ್ಯಾಯಾಮ. ಅದು ಕಲಬುರಗಿಯಲ್ಲಿ ಸಿಗುತ್ತದೆ ಎಂದರೆ ಆ ತಾಯಿಯ ಪಾಲಿಗೆ ಸಿಗುವುದಿಲ್ಲ ಎಂದೇ ಅರ್ಥ. ಡಿಸೆಂಬರ್ ಎಂದರೆ ತೊಗರಿ ಕೊಯ್ದು ರಾಶಿ ಮಾಡುವ ಕಾಲ, ಒಂದು ದಿನ ಪೇಟೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ಇಲ್ಲ, ಅದು ಸಣ್ಣ ಉಪಕಾರವೇನಲ್ಲ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಇನ್ನೂ ಮೊಣಕಾಲಿನ ಎತ್ತರಕ್ಕೇ ಇದೆ. ಮಗು ಐದು ವರ್ಷದ್ದಿದ್ದಾಗ ಕಂಕುಳಲ್ಲಿ ಎತ್ತಿಕೊಂಡು ಹತ್ತಬಹುದು. ಹತ್ತು ವರ್ಷಕ್ಕೆ ಕಂಡಕ್ಟರೋ ಪಕ್ಕದವರೋ ಕೈಕೊಡಬೇಕು. ಹದಿನಾಲ್ಕಕ್ಕೆ ಆ ಮಗುವಿನ ಪೇಟೆಯ ಓಡಾಟ ನಿಂತುಹೋಗುತ್ತದೆ. ನಿಲ್ಲಿಸಿದ್ದು ನಂಬಿಕೆಯಲ್ಲ, ಮಗುವಿನ ತೂಕ.

ಕಲಬುರಗಿಯಲ್ಲಿ ಆಗದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶಕ್ಕೇ ದೊಡ್ಡ ಹೆಸರಿನ ಸಂಸ್ಥೆಗಳು ಇವು, ಎರಡೂ ರಾಜ್ಯದ ದಕ್ಷಿಣದ ತುದಿಯಲ್ಲಿವೆ. ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್. ಅಂಗವಿಕಲರಿಗೆ ಸಾರಿಗೆ ಸಂಸ್ಥೆ ಕೊಡುವ ರಿಯಾಯಿತಿ ಪಾಸು ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ. ರಾಮನಗರದ ಕಿವುಡ ಹುಡುಗನಿಗೆ ಈ ನೂರು ಕಿಲೋಮೀಟರಿನಲ್ಲಿ ಬೆಂಗಳೂರೂ ಮೈಸೂರೂ ಸಿಗುತ್ತವೆ. ಆಳಂದದ ಹುಡುಗನಿಗೆ ಸಿಗುವುದು ಕಲಬುರಗಿ. ನಿಯಮ ಇಬ್ಬರಿಗೂ ಒಂದೇ. ಯಾರೂ ಆಳಂದದವನಿಗೆ ಅನ್ಯಾಯ ಮಾಡಬೇಕೆಂದು ಬರೆದದ್ದಲ್ಲ, ಆದರೂ ಅನ್ಯಾಯವಾಗುತ್ತದೆ. ಗುಂಡಿಗಾದರೆ ಇಷ್ಟೆಲ್ಲ ತಾಪತ್ರಯವಿಲ್ಲ. ಅದಕ್ಕೆ ಬಸ್ಸು ಬೇಡ, ಪಾಳಿ ಬೇಡ, ಕಾಗದ ಬೇಡ, ಕೂಲಿ ಬಿಡಬೇಕಾಗಿಲ್ಲ. ಅದು ಮನೆಯ ಹಿತ್ತಲಲ್ಲಿದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವೈಕಲ್ಯ ಇರುವವರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ದೇಶದ ಲೆಕ್ಕದಲ್ಲಿ ನೂರಕ್ಕೆ 69 ಮಂದಿ ಹಳ್ಳಿಗಳಲ್ಲಿದ್ದಾರೆ. ಸೇವೆಗಳೆಲ್ಲ ಪೇಟೆಯಲ್ಲಿವೆ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆ ನಡೆದಾಗ ಅಂಗವೈಕಲ್ಯ ಇರುವವರ ಪೈಕಿ ಪ್ರಮಾಣಪತ್ರ ಇದ್ದವರು ಶೇ 28.8 ಮಾತ್ರ. ಪ್ರಮಾಣಪತ್ರ ಇಲ್ಲದೆ ಮಾಸಾಶನವಿಲ್ಲ, ಪಾಸಿಲ್ಲ, ಮೀಸಲಾತಿಯಿಲ್ಲ. ಈ ಕೊರತೆ ಸೌಲಭ್ಯಕ್ಕಷ್ಟೇ ತಗಲುವುದಿಲ್ಲ, ಜನರ ನಡವಳಿಕೆಗೂ ತಗಲುತ್ತದೆ. ಬಸ್ಸು ಹತ್ತಲಾಗದವರು ಸಂತೆಯಲ್ಲಿ ಕಾಣುವುದಿಲ್ಲ, ಶಾಲೆಯಲ್ಲಿ ಕಾಣುವುದಿಲ್ಲ, ಗ್ರಾಮಸಭೆಯಲ್ಲಿ ಕಾಣುವುದಿಲ್ಲ. ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತವನಾಗಿ, ಹೊಲದಲ್ಲಿ ಜೊತೆಗೆ ಕೂಲಿ ಮಾಡುವವಳಾಗಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಡುವವನಾಗಿ ಒಬ್ಬ ಅಂಗವಿಕಲನನ್ನು ನೋಡದ ಊರಿಗೆ ಅವನೊಂದಿಗೆ ಬಾಳುವ ರೂಢಿಯೇ ಬೆಳೆಯುವುದಿಲ್ಲ. ಆಗ ಉಳಿಯುವ ಸಂಬಂಧಗಳು ಎರಡೇ: ಕನಿಕರ ಇಲ್ಲವೇ ಅಂಜಿಕೆ. ಅಂಗವೈಕಲ್ಯವನ್ನು ಪೂರ್ವಜನ್ಮದ ಕರ್ಮ ಎಂದೋ ಗ್ರಹಚಾರ ಎಂದೋ ಅರ್ಥಮಾಡಿಕೊಳ್ಳುವುದು ಈ ಅಂತರದಲ್ಲೇ ಬೇರೂರುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಹೀಗೆ ಬರಬಹುದು: ನಂಬಿಕೆಯೇ ಮೂಲ, ದೂರ ನೆಪ, ಆಸ್ಪತ್ರೆಯನ್ನು ಊರ ಬಾಗಿಲಿಗೆ ತಂದರೂ ಇವರು ಗ್ರಹಣಕ್ಕೇ ಕಾಯುತ್ತಾರೆ. ತಾಜ್‌ಸುಲ್ತಾನಪುರ ನಗರದ ಅಂಚಿನಲ್ಲೇ ಇದೆಯಲ್ಲ ಎಂದೂ ಕೇಳಬಹುದು. ದೂರವನ್ನು ಕಿಲೋಮೀಟರಿನಲ್ಲಷ್ಟೇ ಅಳೆಯಲಾಗದು. ವರ್ಷಗಟ್ಟಲೆಯ ಚಿಕಿತ್ಸೆಗೆ ಕೂಲಿ ಬಿಟ್ಟು ಬರುವಂತೆ ಮಾಡುವ ಏರ್ಪಾಡು ಇಲ್ಲದಿದ್ದರೆ ನಗರದ ಅಂಚೂ ದೂರವೇ. ನಂಬಿಕೆಯ ಮಾತಿಗೆ ಉತ್ತರ ಕಾಸರಗೋಡಿನಲ್ಲಿದೆ. ಅದೇ 2019ರ ಗ್ರಹಣ ದಕ್ಷಿಣದಲ್ಲಿ ಪೂರ್ಣ ಕಂಕಣವಾಗಿ ಕಂಡಿತು, ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸಾವಿರಾರು ಜನ ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು. ಆ ಜಿಲ್ಲೆಯೂ ಅಂಗವೈಕಲ್ಯದ ನೋವನ್ನು ಸಣ್ಣದಾಗಿ ಉಂಡದ್ದಲ್ಲ. ಸರ್ಕಾರಿ ತೋಟಗಾರಿಕೆ ನಿಗಮದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ತೋಟದ ಬದಿಯ ಊರುಗಳಲ್ಲಿ ಬುದ್ಧಿಮಾಂದ್ಯತೆ, ಅಂಗಾಂಗ ಊನ, ಅಪಸ್ಮಾರ ಮನೆಮನೆಯ ಸಂಕಟವಾಯಿತು. ಅಲ್ಲಿಯೂ ಬಹಳ ಜನ ಇದನ್ನು ಮೊದಲು ದೈವದ ಶಾಪ ಎಂದೇ ನಂಬಿದ್ದರು. ಭೂತಾರಾಧನೆಯ ನಾಡು ಅದು, ಆ ನಂಬಿಕೆ ಕಲಬುರಗಿಯ ನಂಬಿಕೆಗಿಂತ ಹಗುರವಾದದ್ದಲ್ಲ.

ಅದು ಸಡಿಲವಾದದ್ದು ಉಪದೇಶದಿಂದಲ್ಲ. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ಎಂಬ ಹಳ್ಳಿ ವೈದ್ಯರು ತಮ್ಮ ರೋಗಿಗಳ ವಿವರವನ್ನು ಬರೆದಿಟ್ಟುಕೊಳ್ಳುತ್ತ ಬಂದರು. ಅದೇ ಊರಿನ ಕನ್ನಡ ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಬರೆದರು. ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದಿಂದ ಸಿಂಪಡಣೆಗೆ ತಡೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ಗೆ ದೇಶದಲ್ಲೆಲ್ಲ ತಡೆ ಹಾಕಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಯಾವ ರೋಗಕ್ಕೆ ಎಂಡೋಸಲ್ಫಾನ್ ಎಷ್ಟು ಕಾರಣ ಎಂಬ ವಿಜ್ಞಾನಿಗಳ ವಾದ ಬೇರೆ. ಇಲ್ಲಿ ಮುಖ್ಯವಾದದ್ದು ಊರವರ ನಡವಳಿಕೆ ಬದಲಾದ ಬಗೆ. ಪಕ್ಕದ ಮನೆಯ ಮಗುವಿನ ಕಷ್ಟಕ್ಕೆ ಹತ್ತಿರದಲ್ಲೇ ಒಬ್ಬ ವೈದ್ಯ, ಒಂದು ಪಟ್ಟಿ, ಒಂದು ಪರಿಹಾರ, ಒಂದು ಹೋರಾಟ ಸಿಕ್ಕಿದ ಮೇಲೆ ಅದು ಆ ಮನೆಯ ಪಾಪವಾಗಿ ಉಳಿಯಲಿಲ್ಲ, ಇಡೀ ಊರಿಗಾದ ಅನ್ಯಾಯವಾಯಿತು. ಆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದಲ್ಲಿ ಧರಣಿ ಕೂತರು. ಅವರಿಗೆ ಬರಬೇಕಾದದ್ದೆಲ್ಲ ಬಂತು ಎಂದು ನಾನು ಹೇಳುತ್ತಿಲ್ಲ. ಹಕ್ಕೆಂದು ಕೇಳುವ ದಾರಿಯೊಂದು ಅವರ ಊರಲ್ಲಿ ಹುಟ್ಟಿಕೊಂಡಿತು ಎನ್ನುತ್ತಿದ್ದೇನೆ.

ಕಾಸರಗೋಡು ಕೇರಳದ್ದು, ಅಲ್ಲಿನ ಸಾಕ್ಷರತೆ ಬೇರೆ ಎಂದರೆ ಗದಗಿಗೆ ಬನ್ನಿ. ಇದೇ ಉತ್ತರ ಕರ್ನಾಟಕ, ಇದೇ ಬರ, ಇದೇ ಮಠಪರಂಪರೆ, ಇದೇ ಜೋಳದ ರೊಟ್ಟಿ. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಅಂಧ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು, ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಿಷ್ಯ, ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ನಾಟಕ ಕಂಪನಿ ಕಟ್ಟಿ ಅದರ ದುಡಿಮೆಯಿಂದ ಮಕ್ಕಳಿಗೆ ಅನ್ನ ಹಾಕಿದರು. ಬಸವರಾಜ ರಾಜಗುರು ಪಂಚಾಕ್ಷರಿಗಳ ಬಳಿ, ಬಳ್ಳಾರಿ ಕಡೆಯ ವೆಂಕಟೇಶ ಕುಮಾರ್ ಪುಟ್ಟರಾಜರ ಬಳಿ ಕಲಿತರು. ಈ ಇಬ್ಬರೂ ಕಣ್ಣಿದ್ದವರು. ಕಣ್ಣಿದ್ದ ಹುಡುಗ ಕಣ್ಣಿಲ್ಲದ ಗುರುವಿನ ಕಾಲಿಗೆ ಬಿದ್ದು, ಕಣ್ಣಿಲ್ಲದ ಗೆಳೆಯನ ಪಕ್ಕದಲ್ಲಿ ಕೂತು ತಂಬೂರಿ ಶ್ರುತಿ ಮಾಡಿಕೊಳ್ಳುವ ದೃಶ್ಯ ಆ ಊರಿನ ನಿತ್ಯದ ಬದುಕು. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೋಲು ಹಿಡಿದು ಬರುವ ಅಂಧ ತರುಣನನ್ನು ಕಂಡವರಿಗೆ ಭಿಕ್ಷೆಯ ನೆನಪಿಗಿಂತ ಮೊದಲು ಹಾರ್ಮೋನಿಯಂ ನೆನಪಾಗುತ್ತದೆ. ಗದಗಿನವರ ಹೃದಯ ಕಲಬುರಗಿಯವರ ಹೃದಯಕ್ಕಿಂತ ದೊಡ್ಡದೆಂದು ಯಾರೂ ಹೇಳಲಾರರು. ಒಂದು ಸಂಸ್ಥೆ ಅಲ್ಲಿತ್ತು, ಇಲ್ಲಿರಲಿಲ್ಲ, ಅಷ್ಟೇ. ಅದರ ಮಿತಿಯನ್ನೂ ಹೇಳಬೇಕು. ಎಲ್ಲ ಅಂಧರಿಗೂ ಸ್ವರಜ್ಞಾನ ಇರುವುದಿಲ್ಲ, ಲೆಕ್ಕ ಇಷ್ಟಪಡುವ ಅಂಧ ಹುಡುಗಿಗೆ ಪುಣ್ಯಾಶ್ರಮದಲ್ಲಿ ಉತ್ತರವಿಲ್ಲ. ಬಡತನದ ನಾಡಿನಲ್ಲಿ ಅದು ಮಾಡಿದ್ದು ಸಾಲದು ಎನ್ನಬಹುದು, ಸಣ್ಣದು ಎನ್ನಲಾಗದು.

ಎರಡನೆಯ ಆಕ್ಷೇಪ ಹಳ್ಳಿಯ ಪರವಾಗಿ ಬರುವಂಥದ್ದು. ನಗರದಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ, ಹಳ್ಳಿಯಲ್ಲಿ ಬುದ್ಧಿಮಾಂದ್ಯ ಹುಡುಗನಿಗೆ ನಾಲ್ಕು ಮನೆಯವರು ರೊಟ್ಟಿ ಕೊಡುತ್ತಾರೆ, ಅವನು ದಾರಿ ತಪ್ಪಿದರೆ ಯಾರಾದರೂ ಕೈಹಿಡಿದು ಮನೆಗೆ ಬಿಡುತ್ತಾರೆ ಎಂಬ ಮಾತು. ಇದು ಸುಳ್ಳಲ್ಲ. ಆದರೆ ಆ ಅಕ್ಕರೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ರೊಟ್ಟಿ ಕೊಡುವ ಊರು ಅವನಿಗೆ ಕೂಲಿ ಕೊಡುವುದಿಲ್ಲ. ಆಸ್ತಿ ಹಂಚುವಾಗ ಅವನ ಪಾಲು ಅಣ್ಣನ ಹೆಸರಿಗೆ ಹೋಗುತ್ತದೆ, ನೋಡಿಕೊಳ್ಳುವವನು ಅವನೇ ತಾನೇ ಎಂಬ ಸಮಾಧಾನದೊಂದಿಗೆ. ಕಾಲಿಲ್ಲದ ಹುಡುಗಿಗೆ ಮದುವೆಯ ಮಾತೇ ಏಳುವುದಿಲ್ಲ. ತಾಯಿ ಇರುವತನಕ ಎಲ್ಲವೂ ಸರಿ, ಅವಳ ನಂತರ ಏನು ಎಂಬ ಪ್ರಶ್ನೆಗೆ ಹಳ್ಳಿಯ ಬಳಿ ಉತ್ತರವಿಲ್ಲ, ಆ ತಾಯಂದಿರು ರಾತ್ರಿ ನಿದ್ದೆಗೆಡುವುದೂ ಇದೇ ಪ್ರಶ್ನೆಗೆ. ಪರಿಚಯದಿಂದ ಹುಟ್ಟುವ ಅಕ್ಕರೆಗೆ ಊರ ಗಡಿಯೇ ಗಡಿ. ಅದೇ ಹುಡುಗ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಅವನು ಯಾರ ಮನೆಯವನೂ ಅಲ್ಲ. ಹಕ್ಕು ಬೇಕಾಗುವುದು ಅಲ್ಲಿ.

ಹಾಗಾದರೆ ದುಡ್ಡೂ ಸಂಸ್ಥೆಗಳೂ ತುಂಬಿರುವ ಬೆಂಗಳೂರು ಚೆನ್ನಾಗಿರಬೇಕಿತ್ತಲ್ಲ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಬೆಂಗಳೂರು ಚೆನ್ನಾಗಿಲ್ಲ. 2011ರಲ್ಲಿ ಶುರುವಾದ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಅಂಧರ ಕೋಲಿಗೆ ದಾರಿ ತೋರುವ ಉಬ್ಬು ಹಾಸಿದೆ. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಫುಟ್‌ಪಾತಿನ ಮೇಲೆ ಕಂಬ, ಕಿತ್ತ ಚಪ್ಪಡಿ, ನಿಲ್ಲಿಸಿದ ಬೈಕು. ಇದು ನನ್ನ ವಾದಕ್ಕೆ ಎದುರಲ್ಲ, ಅದನ್ನೇ ಗಟ್ಟಿ ಮಾಡುತ್ತದೆ. ಒಂದೇ ನಗರ, ಅವೇ ಜನ; ನಿಲ್ದಾಣದ ಒಳಗೆ ಸ್ವತಂತ್ರನಾಗಿ ನಡೆದ ಮನುಷ್ಯ ಐವತ್ತು ಹೆಜ್ಜೆಯಾಚೆ ಯಾರದೋ ಕೈ ಹಿಡಿಯಬೇಕಾಗುತ್ತದೆ. ಮೆಟ್ರೊ ಕಟ್ಟುವಾಗ ಒಂದು ಮಾನದಂಡ ಇತ್ತು, ಅದನ್ನು ಪಾಲಿಸದೆ ಬಿಡುವಂತಿರಲಿಲ್ಲ. ಫುಟ್‌ಪಾತಿಗೆ ಅಂಥ ಬಿಗಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕು ಎಂದಿತು. ಗಡುವು ಮುಗಿಯಿತು, ಕಟ್ಟಡಗಳು ಹೆಚ್ಚು ಬದಲಾಗಲಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಾರಣವನ್ನು ಹೇಳಿತು. ನಿಯಮಗಳು ಕಡ್ಡಾಯವಾಗಿರದೆ ಸಲಹೆಯ ರೂಪದಲ್ಲಿದ್ದವು. ಮೂರು ತಿಂಗಳೊಳಗೆ ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ತಾಕೀತು ಮಾಡಿತು.

ಕಡ್ಡಾಯ ಎಂದಾಗ ಆಡಳಿತ ಎಲ್ಲಿಯತನಕ ನಡೆದು ಬರಬಲ್ಲದು ಎಂಬುದಕ್ಕೆ ಕಿಣ್ಣಿ ಸುಲ್ತಾನದಂಥ ಊರುಗಳಿಗೆ ಬೇರೆ ಪುರಾವೆ ಬೇಡ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಅಂಗವಿಕಲ ಮತದಾರರ ಮನೆಯಿಂದಲೇ ಮತ ಪಡೆಯುವ ವ್ಯವಸ್ಥೆ ರಾಜ್ಯದಲ್ಲಿ ಬಂತು. ಒಂದು ಓಟಿಗಾಗಿ ಅಧಿಕಾರಿಗಳು ಮತಪತ್ರ ಹಿಡಿದು ಹಳ್ಳಿಯ ಹೊಸ್ತಿಲಿಗೆ ಹೋದರು. ಆ ರಸ್ತೆಗಳು ಇದ್ದವು, ಆ ಮನೆಗಳ ಪಟ್ಟಿ ಇತ್ತು, ವಾಹನ ಸಿಕ್ಕಿತು. ಓಟಿಗೆ ಹೋದ ದಾರಿಯಲ್ಲಿ ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟ್ ಹೋಗಲಾಗದು ಎಂಬ ಮಾತನ್ನು ಇನ್ನು ಒಪ್ಪುವುದು ಕಷ್ಟ.

ಬಡ ತಾಲ್ಲೂಕುಗಳಿಗೆ ಇದೆಲ್ಲ ಎಟುಕದು ಎಂಬ ಮಾತೂ ಹಾಗೆಯೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಹುಟ್ಟಿದ ಊರೇ ಒಬ್ಬನ ಅವಕಾಶವನ್ನು ಕಿತ್ತುಕೊಳ್ಳಬಲ್ಲದು ಎಂಬುದನ್ನು ಸಂವಿಧಾನವೇ 371(ಜೆ) ವಿಧಿಯ ಮೂಲಕ ಒಪ್ಪಿದೆ, ಓದಿನಲ್ಲಿ ನೌಕರಿಯಲ್ಲಿ ಈ ಭಾಗಕ್ಕೆ ಮೀಸಲಾತಿ ಬಂದದ್ದು ಆ ಒಪ್ಪಿಗೆಯಿಂದ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದ ಶೇ 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ಎಲ್ಲಕ್ಕಿಂತ ದೊಡ್ಡ ಬಂಡವಾಳ ಬೇರೆಯದೇ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಎಂಬ ಹುದ್ದೆ ಇದೆ, ತಾಲ್ಲೂಕಿಗೊಬ್ಬ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇದ್ದಾರೆ. ಹಳ್ಳಿಯ ಕಾರ್ಯಕರ್ತರು ಅಂಗವೈಕಲ್ಯ ಇರುವವರೇ. ಯಾವ ಓಣಿಯ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕೆಲಸ ಕಾಯಂ ಅಲ್ಲ. ಇವರ ದಿನವೆಲ್ಲ ಅರ್ಜಿ ತುಂಬಿಸುವುದರಲ್ಲಿ, ಕಾರ್ಡಿನ ಪಟ್ಟಿ ಮಾಡುವುದರಲ್ಲಿ ಹೋಗುತ್ತದೆ. ಆರು ತಿಂಗಳ ತರಬೇತಿ ಕೊಟ್ಟು, ಮಗುವಿನ ಕೈಕಾಲು ಹೇಗೆ ಆಡಿಸಬೇಕು, ಹೇಗೆ ಕೂರಿಸಬೇಕು, ಯಾವ ಲಕ್ಷಣ ಕಂಡರೆ ತಡಮಾಡದೆ ಕಲಬುರಗಿಗೆ ಕಳಿಸಬೇಕು ಎಂಬುದನ್ನು ಕಲಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಇವರ ಬೆನ್ನಿಗೆ ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ವಾಕ್‌ತಜ್ಞರನ್ನು ನಿಲ್ಲಿಸಿದರೆ ಕಿಣ್ಣಿ ಸುಲ್ತಾನದ ಆ ತಾಯಿಗೆ ಕಲಬುರಗಿಯ ದೂರ ಒಂದು ಓಣಿಯಷ್ಟಾಗುತ್ತದೆ. ಇದಕ್ಕೆ ಬೇಕಾದ ಹಣ 5,000 ಕೋಟಿಯ ಲೆಕ್ಕದಲ್ಲಿ ಕಾಣುವಷ್ಟೂ ದೊಡ್ಡದಲ್ಲ.

ನಂಬಿಕೆಯ ಜೊತೆ ಜಗಳವಾಡದೆಯೂ ಇದನ್ನು ಮಾಡಬಹುದು. ಅಫಜಲಪುರ ತಾಲ್ಲೂಕಿನ ಗಾಣಗಾಪುರ ದತ್ತ ಕ್ಷೇತ್ರಕ್ಕೆ ಮೂರು ರಾಜ್ಯಗಳಿಂದ ಮನಸ್ಸಿನ ಕಾಯಿಲೆ ಇರುವವರನ್ನು ಕರೆತರುತ್ತಾರೆ, ಭೀಮಾ–ಅಮರ್ಜಾ ಸಂಗಮದಲ್ಲಿ ಮೀಯಿಸುತ್ತಾರೆ, ದಿನಗಟ್ಟಲೆ ಉಳಿಯುತ್ತಾರೆ. ತಮಿಳುನಾಡಿನ ಏರ್ವಾಡಿ ದರ್ಗಾದ ಸುತ್ತ ಇಂಥವರನ್ನು ಸರಪಳಿ ಹಾಕಿ ಇಟ್ಟುಕೊಂಡಿದ್ದ ಗುಡಿಸಲುಗಳಿಗೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು 28 ಜನ ಸುಟ್ಟು ಸತ್ತರು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಬೇರೆ ದಾರಿ ಹಿಡಿದರು. ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂರುತ್ತಾರೆ, ಮುಜಾವರರೇ ಹರಕೆ ಮುಗಿದ ಮೇಲೆ ಅವರ ಬಳಿಗೆ ಕಳಿಸುತ್ತಾರೆ. ದವಾ, ದುವಾ, ಅಂದರೆ ಔಷಧ, ಪ್ರಾರ್ಥನೆ ಎರಡೂ ಒಂದೇ ಅಂಗಳದಲ್ಲಿ. ಎರಡು ಊರುಗಳ ಭಕ್ತಿಯಲ್ಲಿ ವ್ಯತ್ಯಾಸವಿರಲಿಲ್ಲ. ಇಂಥ ಕೆಲಸ ಕಲ್ಯಾಣ ಕರ್ನಾಟಕಕ್ಕೆ ಹೊಸದೂ ಅಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಿ ಔಷಧ ಕೊಡುವುದನ್ನು ಕಲಿಸಿತು. ಬಳ್ಳಾರಿ ಮಾದರಿ ಎಂದೇ ಹೆಸರಾದ ಅದು 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅದರ ಮುಂದುವರಿಕೆಯಾಗಿ ಮನೋಚೈತನ್ಯ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಪದ್ಧತಿ ರಾಜ್ಯದಲ್ಲಿದೆ. ಆ ಮಂಗಳವಾರದ ವೈದ್ಯರು ಅಫಜಲಪುರದಿಂದ ಗಾಣಗಾಪುರಕ್ಕೂ ಬರಲಿ, ಅವರ ಜೊತೆ ಜೀಪಿನಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಇರಲಿ, ಮುಂದಿನ ವಾರ ಅದೇ ಜೀಪು ಆಳಂದದ, ಜೇವರ್ಗಿಯ ಹಳ್ಳಿಗಳಿಗೆ ಹೋಗಲಿ. ಪ್ರದೇಶಾಭಿವೃದ್ಧಿ ಮಂಡಳಿಯ ಈ ವರ್ಷದ ಕ್ರಿಯಾಯೋಜನೆಯಲ್ಲಿ ಇದಕ್ಕೊಂದು ಸಾಲು ಸೇರಿಸುವಂತೆ ಈ ಮೂರು ತಾಲ್ಲೂಕುಗಳ ಶಾಸಕರನ್ನು ಅಲ್ಲಿನ ಮತದಾರರು ಕೇಳಬೇಕು.